ಜಮಖಾನದ ಮೇಲೆ ಹನ್ನೆರಡು ವಾರ

ಬಹಳ ಹಿಂದೆ, ಅಂದರೆ ಇದಕ್ಕೂ ನಮಗೂ ಯಾವ ಸಂಬಂಧವೂ ಇಲ್ಲವೆಂದು ನಾನು ಮೊದಲೇ ಹೇಳಿ ಕೈತೊಳೆದುಕೊಳ್ಳಬಹುದಾದಷ್ಟು ಹಿಂದೆ, ಒಂದು ರಾಜ್ಯವಿತ್ತು. ಹೆಸರು ಸುವರ್ಣತಟ. ಸುವರ್ಣ ಎಲ್ಲಿತ್ತೋ ಕಾಣೆ, ತಟ ಮಾತ್ರ ಎರಡಿದ್ದವು. ನಡುವೆ ಬಳುಕಿನ ಹೊಳೆ. ಬೇಸಿಗೆಯಲ್ಲೂ ಎರಡಾಳು ನೀರು. ಈಚೆ ದಡದಲ್ಲಿ ರಾಜಧಾನಿ, ಅರಮನೆ, ಕಚೇರಿ. ಆಚೆ ದಡದಲ್ಲಿ ಹೊಲ, ಗಾಣ, ಸಂತೆ. ಎರಡಕ್ಕೂ ನಡುವೆ ಓಡಾಡುತ್ತಿದ್ದುದು ಅರಮನೆಯ ಒಂದೇ ಒಂದು ದೊಡ್ಡ ಹರಿಗೋಲು. ಬೇರೆ ಯಾರೂ ಹರಿಗೋಲು ಇಟ್ಟುಕೊಳ್ಳುವಂತಿರಲಿಲ್ಲ. ಪ್ರಜೆಗಳನ್ನು ದಾಟಿಸುವುದು ರಾಜನೊಬ್ಬನ ಹಕ್ಕು ಎಂದು ಈಗಿನ ಮಹಾರಾಜರ ಮುತ್ತಾತನವರು ಕಲ್ಲಿನಲ್ಲಿ ಕೆತ್ತಿಸಿ ಹೋಗಿದ್ದರು.

ಆ ವರ್ಷ ಯುಗಾದಿ ಕಳೆದ ಮೂರನೇ ದಿನ ನಡುಹೊಳೆಯಲ್ಲಿ ಆ ಹರಿಗೋಲಿನ ತಳದ ತೊಗಲು ಕಿತ್ತುಕೊಂಡಿತು. ಹದಿನಾಲ್ಕು ಜನ, ಎರಡು ಮೇಕೆ, ಒಂದು ಮೂಟೆ ಹುಣಸೆಹಣ್ಣು ನೀರಿಗೆ ಬಿದ್ದವು. ಜನರನ್ನೂ ಮೇಕೆಗಳನ್ನೂ ದೇವೀರಕ್ಕ ಒಬ್ಬೊಬ್ಬರಾಗಿ ಎಳೆದು ದಡಕ್ಕೆ ಹಾಕಿದಳು. ಹುಣಸೆಹಣ್ಣು ಹೊಳೆಯ ಪಾಲಾಯಿತು.

ದೇವೀರಕ್ಕನಿಗೆ ಐವತ್ತೆಂಟು ವರ್ಷ. ಊರ ಹೊರಗಿನ ಆನೆಬಾವಿಯಲ್ಲಿ ಈಜು ಕಲಿಸುವುದು ಅವಳ ಮನೆತನದ ಕಸುಬು. ಮೆಟ್ಟಿಲಿಳಿದು ಹೋಗುವ ದೊಡ್ಡ ಬಾವಿ ಅದು. ಕಲಿಯಲು ಬಂದವರ ಬೆನ್ನಿಗೆ ಒಣಗಿದ ಬೆಂಡಿನ ಕಟ್ಟನ್ನು ಬಿಗಿಯುತ್ತಿದ್ದಳು, ಎರಡು ಮಾತಾಡಿಸುತ್ತಿದ್ದಳು, ಅವರು ಉತ್ತರ ಕೊಡುತ್ತಿರುವಾಗಲೇ ನೀರಿಗೆ ನೂಕುತ್ತಿದ್ದಳು. ಎಂಟು ದಿನದಲ್ಲಿ ಬೆಂಡು ಬಿಚ್ಚುತ್ತಿದ್ದಳು. ಅವಳನ್ನು ಬೈಯದೆ ಕಲಿತವರಿಲ್ಲ, ಕಲಿತ ಮೇಲೆ ಬೈದವರೂ ಇಲ್ಲ.

ಹರಿಗೋಲು ಕಿತ್ತುಹೋದದ್ದು ಎಲ್ಲರಿಗೂ ತೊಂದರೆಯೇ. ದೇವೀರಕ್ಕನಿಗೆ ಮಾತ್ರ ಎದೆಯೇ ಒಡೆದಂತಾಯಿತು. ಅವಳ ಒಬ್ಬಳೇ ಮಗಳು ಕೆಂಪಿಯನ್ನು ಆಚೆ ದಡಕ್ಕೆ ಕೊಟ್ಟಿತ್ತು. ಕೆಂಪಿಗೆ ಚೊಚ್ಚಲು, ಈಗ ಆರು ತಿಂಗಳು, ಆರಿದ್ರಾ ಮಳೆಯ ಹೊತ್ತಿಗೆ ಹೆರಿಗೆ. ಎರಡೂ ದಡಕ್ಕೆ ಸೇರಿ ಇದ್ದ ಒಬ್ಬಳೇ ಸೂಲಗಿತ್ತಿ ಚಿಕ್ಕತಾಯಮ್ಮ ಈಚೆ ದಡದವಳು. ಕೈ ಬೆಣ್ಣೆ, ಮೈ ಗುಡಾಣ, ಈಜು ಸೊನ್ನೆ. ಮುಂಚೆಯೇ ಆಚೆಗೆ ಹೋಗಿ ಕೂತಿರು ಎನ್ನೋಣವೆಂದರೆ ಈಚೆ ದಡದಲ್ಲೂ ಏಳು ಬಸುರಿಯರು ದಿನ ಎಣಿಸುತ್ತಿದ್ದರು. ದೇವೀರಕ್ಕನ ಅತ್ತಿಗೆ ಚೊಚ್ಚಲಲ್ಲೇ ಸೂಲಗಿತ್ತಿ ಬರುವುದು ತಡವಾಗಿ ತೀರಿಹೋಗಿದ್ದಳು. ಅದನ್ನು ಅವಳು ಯಾರ ಮುಂದೆಯೂ ಎತ್ತುತ್ತಿರಲಿಲ್ಲ, ಆದರೆ ಹರಿಗೋಲು ಕಿತ್ತ ದಿನದಿಂದ ಅವಳಿಗೆ ಅನ್ನ ಸೇರಲಿಲ್ಲ.

ಹಾಗಾಗಿ ಅವಳು ಒದ್ದೆ ಸೆರಗು ಹಿಂಡಿಕೊಂಡು ನೇರ ಆಸ್ಥಾನಕ್ಕೆ ಹೋದಳು.

ಸಿಂಹಾಸನದಲ್ಲಿ ಶ್ರೀಮನ್ಮಹಾರಾಜ ಪ್ರಶಸ್ತವರ್ಮ ಭೂಪತಿಗಳು ವಿರಾಜಮಾನರಾಗಿದ್ದರು. ಅವರ ವಿಶೇಷವೇನೆಂದರೆ ತಮಗೆ ಏನು ಗೊತ್ತಿಲ್ಲವೋ ಅದನ್ನು ಕಲಿಯುತ್ತಿರಲಿಲ್ಲ, ಉದ್ಘಾಟಿಸುತ್ತಿದ್ದರು. ಬಲಗಡೆ ಮಹಾಮಂತ್ರಿ ಗುಣಸಾಗರರು. ರಾಜರು ಸೀನಿದರೂ ಅದರಲ್ಲಿ ಒಂದು ದೂರದೃಷ್ಟಿ ಕಾಣುತ್ತಿದ್ದ ಮಹನೀಯರು.

"ಬುದ್ಧೀ," ಎಂದಳು ದೇವೀರಕ್ಕ, "ಹರಿಗೋಲಿಗೆ ಎರಡು ತೊಗಲು ಹೊಲಿಸಿ ಕೊಡಿ. ಎರಡು ದಿನದ ಕೆಲಸ. ಮಳೆ ಇಡಿಯೋದ್ರೊಳಗೆ ಆದ್ರೆ ಸಾಕು. ನನ್ ಮಗಳು ಬಸುರಿ, ಸೂಲಗಿತ್ತಿ ದಾಟ್ಬೇಕು."

ಮಹಾರಾಜರು ಗಲ್ಲಕ್ಕೆ ಕೈಯಿಟ್ಟು ಯೋಚಿಸಿದರು. ಅವರು ಹಾಗೆ ಯೋಚಿಸಿದಾಗಲೆಲ್ಲ ರಾಜ್ಯಕ್ಕೆ ಏನಾದರೊಂದು ಕಾದಿರುತ್ತಿತ್ತು. "ತೊಗಲು ಹೊಲಿಸಬಹುದು," ಎಂದರು. "ಮತ್ತೆ ಹರಿಯುತ್ತದೆ. ಮತ್ತೆ ಹೊಲಿಸಬೇಕು. ನಮ್ಮ ಪ್ರಜೆಗಳು ಎಷ್ಟು ಕಾಲ ಹೀಗೆ ಹರಿಗೋಲಿನಲ್ಲಿ ಕೂತುಕೊಂಡೇ ದಾಟುವುದು? ಎದ್ದು ದಾಟುವುದು ಯಾವಾಗ?"

"ಆಹಾ!" ಎಂದರು ಗುಣಸಾಗರರು. "ಪ್ರಭು, ಹರಿಗೋಲು ತೂತಾದದ್ದನ್ನು ಎಲ್ಲರೂ ಕಂಡರು. ಆ ತೂತಿನೊಳಗಿಂದ ಭವಿಷ್ಯವನ್ನು ಕಂಡವರು ತಾವೊಬ್ಬರೇ."

"ಎದ್ರೆ ಹರಿಗೋಲು ಮಗುಚ್ಕಳ್ತದೆ ಬುದ್ಧಿ," ಎಂದಳು ದೇವೀರಕ್ಕ.

ಅದನ್ನು ಯಾರೂ ಕಡತದಲ್ಲಿ ಬರೆದುಕೊಳ್ಳಲಿಲ್ಲ. ಹರಿಗೋಲು ಪರಾವಲಂಬನೆಯ ಸಂಕೇತವೆಂದೂ, ಇನ್ನು ಮುಂದೆ ಪ್ರಜೆಗಳು ಸ್ವಸಾಮರ್ಥ್ಯದಿಂದ ಈಜಿ ದಾಟತಕ್ಕದ್ದೆಂದೂ, ಅದಕ್ಕಾಗಿ ಒಂದು ಸುಸಂಘಟಿತ ಹನ್ನೆರಡು ವಾರಗಳ ಕೋಚಿಂಗ್ ಕಾರ್ಯಕ್ರಮವನ್ನು ರೂಪಿಸಿ ಲೋಕಾರ್ಪಣೆ ಮಾಡತಕ್ಕದ್ದೆಂದೂ ಅಪ್ಪಣೆಯಾಯಿತು. ದೇವೀರಕ್ಕನನ್ನು ಪ್ರಧಾನ ಜಲಗುರುವಾಗಿ ನೇಮಿಸಲಾಯಿತು. ಅವಳು ಮನೆಗೆ ಬರುತ್ತಾ ಲೆಕ್ಕ ಹಾಕಿದಳು. ಹರಿಗೋಲು ಹೋದರೆ ಹೋಗಲಿ, ಚಿಕ್ಕತಾಯಿಗೆ ಕಾಲು ಬಡಿಯುವುದನ್ನಾದರೂ ಕಲಿಸಿದರೆ ಬೆಂಡು ಕಟ್ಟಿ ಎಳೆದುಕೊಂಡು ಹೋಗಬಹುದು. ಮಳೆಗಾಲದ ಹೊಳೆಯಲ್ಲಿ ಸುಮ್ಮನೆ ಬಿದ್ದುಕೊಂಡಿರುವ ಮೈಯನ್ನು ಎಳೆಯಲು ಯಾರಿಂದಲೂ ಸಾಧ್ಯವಿಲ್ಲ, ಎಳೆಸಿಕೊಳ್ಳುವವರೂ ಕಾಲು ಬಡಿಯಬೇಕು. ಅಷ್ಟು ಕಲಿಸಲು ಎಂಟು ದಿನ ಸಾಕಿತ್ತು.

ಆದರೆ ಕಾರ್ಯಕ್ರಮ ರೂಪಿಸಲು ಸಲಹಾಶೇಖರ ಬಂದ.

ಈ ಸಲಹಾಶೇಖರ ಎಂಬಾತ ಪರದೇಶದವನು. ಇದಕ್ಕೆ ಮುಂಚೆ ಮೂರು ರಾಜ್ಯಗಳಿಗೆ ಸಲಹೆ ಕೊಟ್ಟಿದ್ದ. ಆ ಮೂರೂ ಈಗ ಇಲ್ಲವಾದ್ದರಿಂದ ಅಲ್ಲಿ ವಿಚಾರಿಸಿ ನೋಡುವ ಅವಕಾಶ ಯಾರಿಗೂ ಇರಲಿಲ್ಲ. ಮೊದಲ ಸಭೆಯಲ್ಲಿ ಇಬ್ಬರು ಭಟರು ಒಂದು ಪಂಚೆಯನ್ನು ಬಿಡಿಸಿ ಹಿಡಿದರು. ಅದರ ಮೇಲೆ ಬಾಣಗಳ ಗುರುತು, ಮೆಟ್ಟಿಲುಗಳ ಚಿತ್ರ ಬರೆದಿತ್ತು. ಸಲಹಾಶೇಖರ "ನೆಕ್ಸ್ಟ್" ಎಂದಾಗಲೆಲ್ಲ ಅವರು ಅದನ್ನು ಮಡಿಚಿ ಇನ್ನೊಂದು ಪಂಚೆ ಹಿಡಿಯುತ್ತಿದ್ದರು. ನಲವತ್ತೆರಡು ಪಂಚೆಗಳಾದವು.

"ಮೊದಲನೆಯದಾಗಿ," ಎಂದ ಸಲಹಾಶೇಖರ, "ಪ್ರಜೆಗಳು ಎಂಬ ಪದವನ್ನು ಕೈಬಿಡೋಣ. ಪ್ರಜೆಗಳು ಕೇಳುತ್ತಾರೆ. ಗ್ರಾಹಕರು ಆಯ್ಕೆ ಮಾಡಿಕೊಳ್ಳುತ್ತಾರೆ. ಇವರು ನಮ್ಮ ಗ್ರಾಹಕರು."

ಗುಣಸಾಗರರು ಕಣ್ಣೊರೆಸಿಕೊಂಡರು. ಇಷ್ಟು ಸುಲಭದಲ್ಲಿ ರಾಜ್ಯದ ಪ್ರಜೆಗಳೆಲ್ಲ ಖಾಲಿಯಾಗುತ್ತಾರೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಸಲಹಾಶೇಖರ ದೇವೀರಕ್ಕನ ಕಡೆ ತಿರುಗಿದ. "ಅಮ್ಮಾ, ತಮ್ಮ ಈಗಿನ ಪಠ್ಯಕ್ರಮದ ವಿನ್ಯಾಸ ಹೇಗಿದೆ?"

"ಅಂದ್ರೆ?"

"ಎಷ್ಟು ಹಂತ?"

"ಬೆಂಡು ಕಟ್ಟದು, ನೂಕದು."

"ಎರಡೇ?"

ದೇವೀರಕ್ಕ ಪ್ರಾಮಾಣಿಕವಾಗಿ ಯೋಚಿಸಿದಳು. "ಮೂರ್ನೇದೊಂದದೆ. ಎತ್ಕಳದು."

ಸಲಹಾಶೇಖರ ಮರುಕದಿಂದ ತಲೆಯಾಡಿಸಿದ. ಮೂರು ಹಂತದ ಕಾರ್ಯಕ್ರಮಕ್ಕೆ ಯಾವ ಗ್ರಾಹಕ ಬರುತ್ತಾನೆ, ಬಂದರೂ ಯಾವ ಮುಖವಿಟ್ಟುಕೊಂಡು ಮನೆಯಲ್ಲಿ ಹೇಳುತ್ತಾನೆ? ಹನ್ನೆರಡಿರಬೇಕು. ಮೊದಲ ವಾರ ಪರಸ್ಪರ ಪರಿಚಯ. ಎರಡನೇ ವಾರ ನೀರಿನೊಂದಿಗೆ ತನ್ನ ಸಂಬಂಧ ಎಂಥದು ಎಂದು ಗ್ರಾಹಕನು ಕಣ್ಮುಚ್ಚಿ ಕೇಳಿಕೊಳ್ಳುವುದು. ಮೂರನೇ ವಾರ, ಆಚೆ ದಡದಲ್ಲಿ ನಿಂತಿರುವ ತನ್ನನ್ನೇ ತಾನು ಈಚೆ ದಡದಿಂದ ಕಲ್ಪಿಸಿಕೊಂಡು ಕೈಬೀಸುವುದು. ಹೀಗೆ ಏರುತ್ತಾ ಏರುತ್ತಾ ಹನ್ನೊಂದನೇ ವಾರ ನೀರಿನ ಇತಿಹಾಸ, ಹನ್ನೆರಡಕ್ಕೆ ಪ್ರಮಾಣಪತ್ರ.

"ನೀರಿಗಿಳಿಯದು ಎಷ್ಟನೇ ವಾರ ಸ್ವಾಮಿ?" ಎಂದಳು ದೇವೀರಕ್ಕ.

ಆ ಪ್ರಶ್ನೆಯನ್ನು ಸಭೆಯ ಕೊನೆಯಲ್ಲಿ ತೆಗೆದುಕೊಳ್ಳೋಣವೆಂದ. ಸಭೆ ಮೂರು ವಾರ ನಡೆಯಿತು. ಅದರಲ್ಲಿ ಒಂದು ವಾರ ಹೆಸರಿಗೇ ಹೋಯಿತು. ಕೊನೆಗೆ 'ಶ್ರೀ ಪ್ರಶಸ್ತ ಸ್ವಾವಲಂಬಿ ತರಣ ಮಹಾಯಾನ' ಎಂದು ನಿಶ್ಚಯವಾಗಿ, ಅದನ್ನು ಬರೆಸುವಷ್ಟು ಉದ್ದದ ಹಲಗೆ ಸಿಗದೆ ಅರಮನೆಯ ಊಟದ ಮನೆಯ ಬಾಗಿಲು ಕಿತ್ತು ಬರೆಸಿದರು. ದೇವೀರಕ್ಕ ಜಗಳವಾಡಿ, ಕಾಲು ಹಿಡಿದು, ನಾಲ್ಕನೇ ವಾರದಲ್ಲಿ ಒಂದೇ ಒಂದು 'ಜಲಾನುಭವ ಸಪ್ತಾಹ' ಸೇರಿಸಿದಳು. ಮೊದಲ ಬ್ಯಾಚಿನ ಇಪ್ಪತ್ತು ಗ್ರಾಹಕರಲ್ಲಿ ಚಿಕ್ಕತಾಯಮ್ಮನ ಹೆಸರೂ ಇರುವಂತೆ ನೋಡಿಕೊಂಡಳು.

ಆ ಸಪ್ತಾಹ ಬಂತು. ಖಜಾನೆಯ ಗುಮಾಸ್ತ ಶೇಷಪ್ಪಯ್ಯ, ಎಲೆ ಅಡಿಕೆ ಅಂಗಡಿಯವನು, ಆಸ್ಥಾನದ ಇಬ್ಬರು ಕವಿಗಳು, ಚಿಕ್ಕತಾಯಮ್ಮ, ಎಲ್ಲರೂ ಆನೆಬಾವಿಯ ಮೆಟ್ಟಿಲ ಮೇಲೆ ನಿಂತರು. ದೇವೀರಕ್ಕ ಬೆಂಡು ಕಟ್ಟಿದಳು. "ಶೇಷಪ್ಪಯ್ನೋರೆ, ಮನೇಲಿ ಎಲ್ಲಾ ಚೆಂದಾಗವ್ರಾ?" ಎಂದಳು. "ಹೂಂ, ನಮ್ಮ ಎರಡನೇ—" ಎನ್ನುತ್ತಲೇ ಶೇಷಪ್ಪಯ್ಯ ನೀರಿನಲ್ಲಿದ್ದ. ಕವಿಗಳಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಒಂದೇ ಪ್ರಾಸದಲ್ಲಿ ಕಿರುಚಿದರು. ಚಿಕ್ಕತಾಯಮ್ಮ ಬಿದ್ದ ರಭಸಕ್ಕೆ ಬಾವಿಯ ನೀರು ಮೂರು ಮೆಟ್ಟಿಲು ಮೇಲೆ ಬಂತು.

"ಸಾಯಿಸ್ಬಿಟ್ಯಲ್ಲೇ ಲೌಡಿ!" ಎಂದು ಅವಳು ಬೈದಳು. ಬೈಯುತ್ತಲೇ ಕಾಲು ಬಡಿದಳು. ನಾಲ್ಕನೇ ದಿನಕ್ಕೆ ಬಾವಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಬೆಂಡಿನ ಆಸರೆಯಲ್ಲಿ ಬಂದುಬಿಟ್ಟಳು. ಆ ಸಂಜೆ ದೇವೀರಕ್ಕ ಬಹಳ ದಿನಗಳ ಮೇಲೆ ಎರಡು ಮುದ್ದೆ ಉಂಡಳು. ಇನ್ನು ನಾಲ್ಕು ದಿನ, ಅಷ್ಟೇ.

ಆ ನಾಲ್ಕು ದಿನ ಸಿಗಲಿಲ್ಲ. ಏಕೆಂದರೆ ಸಲಹಾಶೇಖರ ಗ್ರಾಹಕರಿಂದ ಫೀಡ್‌ಬ್ಯಾಕ್ ಸಂಗ್ರಹಿಸಿದ.

ಫೀಡ್‌ಬ್ಯಾಕ್ ಪತ್ರವನ್ನು ತುಂಬಿದ ಆಸ್ಥಾನದಲ್ಲಿ ಓದಲಾಯಿತು. ಮೂಗಿಗೆ ನೀರು ಹೋಯಿತು, ಹದಿನೆಂಟು ಜನ. ಬಟ್ಟೆ ಒದ್ದೆಯಾಯಿತು, ಇಪ್ಪತ್ತು ಜನ. ಗುರುವಿನ ನಡವಳಿಕೆಯಲ್ಲಿ ಮುನ್ಸೂಚನೆಯ ಕೊರತೆ, ಇಪ್ಪತ್ತು ಜನ. 'ಈ ಅನುಭವವನ್ನು ನಿಮ್ಮ ಸ್ನೇಹಿತರಿಗೆ ಶಿಫಾರಸು ಮಾಡುವಿರಾ?' ಎಂಬ ಪ್ರಶ್ನೆಗೆ ಶೇಷಪ್ಪಯ್ಯ 'ಶತ್ರುಗಳಿಗೆ ಮಾಡುತ್ತೇನೆ' ಎಂದು ಬರೆದಿದ್ದ.

"ಎಲ್ಲ ದೂರುಗಳನ್ನೂ ವಿಶ್ಲೇಷಿಸಿದ್ದೇನೆ," ಎಂದ ಸಲಹಾಶೇಖರ. "ನೆಕ್ಸ್ಟ್." ಭಟರು ಹೊಸ ಪಂಚೆ ಹಿಡಿದರು. ಅದರ ಮೇಲೆ ಒಂದೇ ಪದವಿತ್ತು: ನೀರು. "ಪ್ರತಿಯೊಂದು ದೂರಿನ ಮೂಲದಲ್ಲೂ ಇರುವುದು ಇದೇ. ಉಳಿದ ಮಾಡ್ಯೂಲುಗಳಲ್ಲಿ ಒಂದೇ ಒಂದು ದೂರಿಲ್ಲ. ಕಾರ್ಯಕ್ರಮ ಚೆನ್ನಾಗಿದೆ ಪ್ರಭು. ನೀರು ಸರಿಯಿಲ್ಲ."

ಮಹಾರಾಜರು ಗಲ್ಲಕ್ಕೆ ಕೈಯಿಟ್ಟರು.

"ಹಾಗಿದ್ದರೆ ನೀರನ್ನು ತೆಗೆಯೋಣ," ಎಂದರು.

"ಪ್ರಭೂ!" ಎಂದು ಗುಣಸಾಗರರು ಸಾಷ್ಟಾಂಗ ಬಿದ್ದರು. "ಸಾವಿರಾರು ವರ್ಷಗಳಿಂದ ಮನುಕುಲ ನೀರಿನಲ್ಲಿ ಮುಳುಗಿ ಸಾಯುತ್ತಿದೆ. ಇಷ್ಟು ಸಣ್ಣ ಉಪಾಯ ಯಾರಿಗೂ ಹೊಳೆದಿರಲಿಲ್ಲ!"

ದೇವೀರಕ್ಕ ಮುಂದಕ್ಕೆ ನುಗ್ಗಿದಳು. "ನೀರಿಲ್ದೆ ಈಜು ಎಲ್ಲಿಂದ ಬಂತು ಬುದ್ಧಿ? ಹೊಳೇಲಿ ನೀರದೆಯಲ್ಲಾ! ಚಿಕ್ಕತಾಯಿಗೆ ಇನ್ನು ನಾಕೇ ದಿನ ಕೊಡಿ, ನಿಮ್ಮ ದಮ್ಮಯ್ಯ ಅಂತೀನಿ. ಅಲ್ಲಿ ನನ್ ಮಗಳು ದಿನ ಎಣಿಸ್ಕೊಂಡು ಕುಂತವಳೆ."

"ಜಲಗುರುಗಳು ಹಳೆಯ ಪದ್ಧತಿಗೆ ಭಾವನಾತ್ಮಕವಾಗಿ ಅಂಟಿಕೊಂಡಿದ್ದಾರೆ," ಎಂದು ಸಲಹಾಶೇಖರ ಮೆತ್ತಗೆ ಹೇಳಿದ. ಮರುದಿನವೇ ಆನೆಬಾವಿಗೆ ಬೇಲಿ ಬಿತ್ತು. 'ಮಾನದಂಡಕ್ಕೆ ಒಳಪಡದ ತರಬೇತಿ ಕೇಂದ್ರ, ಒಳಗೆ ನೀರು ಇದೆ, ಎಚ್ಚರಿಕೆ' ಎಂಬ ಫಲಕ ತೂಗಿತು. ಅರಮನೆಯ ದರ್ಬಾರು ಅಂಗಳದಲ್ಲಿ ನೂರು ಮೊಳದ ಒಂದು ನೀಲಿ ಜಮಖಾನ ಹಾಸಿದರು. ಅದರ ಮೇಲೆ ಸುಣ್ಣದಲ್ಲಿ ಅಲೆಗಳನ್ನು ಬರೆದು, ಎರಡು ಕಡೆ ಮಣೆ ಹಾಕಿ, ಒಂದನ್ನು ಈಚೆ ದಡ, ಇನ್ನೊಂದನ್ನು ಆಚೆ ದಡ ಎಂದು ಕರೆದರು.

ಗ್ರಾಹಕರು ಜಮಖಾನದ ಮೇಲೆ ಬೋರಲಾಗಿ ಮಲಗಿ ಕೈಕಾಲು ಆಡಿಸತೊಡಗಿದರು. ನಿಜ ಹೇಳುವುದಾದರೆ ಅದು ಹಿತವಾಗಿತ್ತು. ಮಧ್ಯಾಹ್ನದ ಊಟವಾದ ಮೇಲೆ ಇನ್ನೂ ಹಿತವಾಗಿತ್ತು. ಗೊರಕೆ ಹೊಡೆದವರನ್ನು 'ಆಳಕ್ಕಿಳಿದವರು' ಎಂದು ವಿಶೇಷವಾಗಿ ಗೌರವಿಸಲಾಗುತ್ತಿತ್ತು. ವಾರಕ್ಕೊಮ್ಮೆ ರವೆ ಉಂಡೆ, ಹಂತ ದಾಟಿದವರಿಗೆ ರೇಷ್ಮೆ ಪಟ್ಟಿ. ಇಡೀ ರಾಜಧಾನಿಯಲ್ಲಿ ಒಬ್ಬರಾದರೂ ಮುಳುಗಿದ ವರದಿಯಿಲ್ಲ.

ದೇವೀರಕ್ಕ ಬೇಲಿಯ ಸಂದಿಯಲ್ಲಾದರೂ ನುಗ್ಗಿ ಕಲಿಸುತ್ತೇನೆಂದು ಚಿಕ್ಕತಾಯಮ್ಮನ ಮನೆಗೆ ಹೋದಳು. ಚಿಕ್ಕತಾಯಮ್ಮ ಕೊರಳಲ್ಲಿ ಎರಡು ಪಟ್ಟಿ ಹಾಕಿಕೊಂಡು ಕನ್ನಡಿ ನೋಡುತ್ತಿದ್ದಳು.

"ಬಾರೇ ದೇವೀರಿ. ನೋಡಿದ್ಯಾ? ಎರಡನೇ ನಂಬರು ನಾನು. ಶೇಷಪ್ಪಯ್ಯ ಒಬ್ಬನೇ ನನ್ನಿಂದ ಮುಂದೆ."

"ಏಯ್, ಬಾವಿಗೆ ಬಾ. ಇನ್ನು ನಾಕು ದಿನ ಕಾಲು ಬಡುದ್ರೆ ಸಾಕು."

"ಅಯ್ಯೋ, ಅಲ್ಲಿ ಕಣ್ಣಿಗೆಲ್ಲಾ ನೀರು ಹೋಯ್ತದೆ ಕಣೆ. ಇಲ್ಲಿ ನೋಡು, ನೂರು ಮೊಳ ಈಜ್ತೀನಿ, ತಲೆಕೂದ್ಲು ಕೆದರಲ್ಲ."

"ನನ್ ಕೆಂಪಿ, ಚಿಕ್ಕತಾಯಿ. ನೀನೇ ಎತ್ತಿದ್ ಮಗಳು ಅವ್ಳು."

"ಬತ್ತೀನಿ ಬಿಡು. ಹೊಳೆ ಏನು ಮಹಾ? ನಿನ್ನೆ ಮೂರು ಸಲ ಆಚೆ ದಡ ಮುಟ್ಟಿ ಬಂದಿವ್ನಿ."

ದೇವೀರಕ್ಕನಿಗೆ ಅಳುವೂ ಬಂತು, ಕೋಪವೂ ಬಂತು. ನಲವತ್ತು ವರ್ಷದ ಗೆಳತಿಯ ಕೊರಳಿನಲ್ಲಿದ್ದ ಪಟ್ಟಿ ಕಿತ್ತು ಒಲೆಗೆ ಹಾಕಬೇಕೆನಿಸಿತು. ಹಾಕಲಿಲ್ಲ. ಸುಮ್ಮನೆ ಎದ್ದು ಬಂದು, ಮನೆಯ ಅಟ್ಟದಿಂದ ಎಲ್ಲಕ್ಕಿಂತ ದೊಡ್ಡ ಬೆಂಡಿನ ಕಟ್ಟನ್ನು ಇಳಿಸಿ ಹಗ್ಗ ಹೊಸೆಯುತ್ತಾ ಕುಳಿತಳು.

ಹನ್ನೆರಡು ವಾರದ ಕಾರ್ಯಕ್ರಮ ಒಂಬತ್ತನೇ ವಾರಕ್ಕೇ ಸಮಾಪ್ತವಾಯಿತು, ಏಕೆಂದರೆ ಮಹಾರಾಜರ ಹುಟ್ಟುಹಬ್ಬ ಯಾರಿಗೂ ಕಾಯುವಂಥದ್ದಲ್ಲ. ಅಂದೇ ಸಮಾರೋಪ, ಅಂದೇ ಲೋಕಾರ್ಪಣೆ. ಯಾವುದು ಮೊದಲು ಎಂಬ ಬಗ್ಗೆ ಗೊಂದಲವಾಗಿ ಎರಡನ್ನೂ ಒಟ್ಟಿಗೇ ಮಾಡಿದರು. ಹೊರಗೆ ಆರಿದ್ರಾ ಮಳೆ ಹಿಡಿದಿತ್ತು. ಹೊಳೆ ಕೆಂಪಗೆ ಉಕ್ಕಿ ಅರಮನೆಯ ಹಿಂದಿನ ಮೆಟ್ಟಿಲನ್ನು ನೆಕ್ಕುತ್ತಿತ್ತು.

ಮಂಗಳವಾದ್ಯ ಮೊಳಗಿತು. ಮಹಾರಾಜರು ಪೀತಾಂಬರವನ್ನು ಕಚ್ಚೆ ಕಟ್ಟಿ, ಕಿರೀಟ ಜಾರದಂತೆ ಗದ್ದಕ್ಕೆ ದಾರ ಬಿಗಿದು, ಜಮಖಾನದ ಮೇಲೆ ಬೋರಲು ಮಲಗಿದರು. ಕೈಬೀಸಿದರು. ಕಾಲು ಬಡಿದರು. ಹೊಟ್ಟೆಯ ಕಾರಣದಿಂದ ಇದ್ದಲ್ಲೇ ಸುತ್ತತೊಡಗಿದರು. ಸಲಹಾಶೇಖರ ಕಣ್ಸನ್ನೆ ಮಾಡಿದ ಕೂಡಲೇ ಎದುರು ತುದಿಯಲ್ಲಿದ್ದ ಹದಿನಾರು ಭಟರು ಜಮಖಾನವನ್ನೇ ಜಗ್ಗಿ ಎಳೆದರು. ಮಹಾರಾಜರು ಅಂಗಳದುದ್ದಕ್ಕೂ ಸುಂಯ್ಯೆಂದು ಬಂದು ಮಣೆಗೆ ತಲೆ ಕುಟ್ಟಿಕೊಂಡು ಆಚೆ ದಡ ಸೇರಿದರು.

"ಪ್ರಭು, ತಾವು ಒದ್ದೆಯೇ ಆಗಲಿಲ್ಲ!" ಎಂದರು ಗುಣಸಾಗರರು ಗದ್ಗದರಾಗಿ. "ಮೀನುಗಳಿಗೂ ಇದು ಸಾಧ್ಯವಿಲ್ಲ."

"ಪ್ರವಾಹ ಸ್ವಲ್ಪ ಜೋರಾಗಿತ್ತು," ಎಂದರು ಮಹಾರಾಜರು ಹಣೆ ಸವರಿಕೊಳ್ಳುತ್ತಾ.

ಆಗ ದೇವೀರಕ್ಕ ಮಳೆಯಲ್ಲಿ ತೊಯ್ದು, ಬೆಂಡು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ನುಗ್ಗಿದಳು. ಆಚೆ ದಡದಲ್ಲಿ ಅವಳ ಅಳಿಯ ತಮಟೆ ಬಡಿಸುತ್ತಿದ್ದ. ಬೆಳಗಿನಿಂದ ಕೆಂಪಿಗೆ ನೋವು. ವೇದಿಕೆಯ ಮೇಲೆ ಚಿಕ್ಕತಾಯಮ್ಮನ ಕೈಗೆ ಪ್ರಮಾಣಪತ್ರ ಬರುವುದಕ್ಕೂ, "ಚಿಕ್ಕತಾಯೀ, ಬಂದದೆ!" ಎಂಬ ಕೂಗು ಕೇಳುವುದಕ್ಕೂ ಸರಿಹೋಯಿತು.

ಸೂಲಗಿತ್ತಿ ಏನೇ ಆದರೂ ಸೂಲಗಿತ್ತಿ. "ಎಷ್ಟು ಹೊತ್ತಾಯ್ತೇ?" ಎಂದು ವೇದಿಕೆಯಿಂದ ದಡಬಡನೆ ಇಳಿದಳು. ಇಬ್ಬರೂ ಅರಮನೆಯ ಹಿಂದಿನ ಮೆಟ್ಟಿಲಿಗೆ ಓಡಿದರು. ಅಲ್ಲಿ ಹೊಳೆಯನ್ನು ನೋಡಿದ್ದೇ ಚಿಕ್ಕತಾಯಮ್ಮ ನಿಂತುಬಿಟ್ಟಳು. ಇಡೀ ಮರಗಳು ಬುಡಮೇಲಾಗಿ ತೇಲಿಹೋಗುತ್ತಿದ್ದವು. ಅವಳು ಕೈಯಲ್ಲಿದ್ದ ಪ್ರಮಾಣಪತ್ರವನ್ನು ಒಮ್ಮೆ ನೋಡಿದಳು, ಹೊಳೆಯನ್ನು ಒಮ್ಮೆ ನೋಡಿದಳು.

"ದೇವೀರಿ," ಎಂದಳು ಸಣ್ಣ ದನಿಯಲ್ಲಿ, "ನಂಗೆ ಈಜಕ್ಕೆ ಬರಕ್ಕಿಲ್ಲ ಕಣೆ."

"ಗೊತ್ತು. ಬೆನ್ನು ತಿರುಗ್ಸು."

ಬೆಂಡು ಬಿಗಿಯಿತು. ಕತ್ತರಿ, ದಾರ, ಹರಳೆಣ್ಣೆಯ ಗಂಟನ್ನು ಚಿಕ್ಕತಾಯಮ್ಮನ ತಲೆಗೆ ಕಟ್ಟಿದ್ದಾಯಿತು. "ಬಾವೀಲಿ ಬಡುದ್ಯಲ್ಲಾ ನಾಕು ದಿನ, ಹಂಗೇ ಬಡಿ. ಬೈಕೊಂಡೇ ಬಡಿ," ಎಂದಳು ದೇವೀರಕ್ಕ. "ಯಾರ್ನೇ ಬೈಲಿ?" ಎನ್ನುವಷ್ಟರಲ್ಲಿ ನೂಕಿದಳು.

ಚಿಕ್ಕತಾಯಮ್ಮ ಮೊದಲು ದೇವೀರಕ್ಕನನ್ನು ಬೈದಳು. ಆಮೇಲೆ ಸಲಹಾಶೇಖರನನ್ನು, ಮಹಾಮಂತ್ರಿಯನ್ನು, ರವೆ ಉಂಡೆ ಮಾಡಿದ ಅಡುಗೆಯವನನ್ನು ಬೈದಳು. ನಡುಹೊಳೆಯಲ್ಲಿ ಸೆಳೆತ ಜೋರಾದಾಗ ಬೈದದ್ದು ಯಾರನ್ನೆಂದು ಬರೆದರೆ ಈ ಪತ್ರಿಕೆ ಮುಚ್ಚಬೇಕಾದೀತು. ದೇವೀರಕ್ಕ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಹೊಳೆ ಅವರನ್ನು ಅರ್ಧ ಹರದಾರಿ ಕೆಳಕ್ಕೆ ಒಯ್ದು ಆಚೆ ದಡದ ಹೊಂಗೆ ಮರದ ಬೇರಿಗೆ ಹಾಕಿತು. ಕೆಂಪಿಯ ಮನೆಗೆ ಓಡಿ ನೋಡಿದರೆ ಮಗು ಅಡ್ಡ ತಿರುಗಿತ್ತು. ಚಿಕ್ಕತಾಯಮ್ಮ ಮರಗಟ್ಟಿದ ಕೈಯನ್ನು ಬೆಂಕಿಗೆ ಕಾಸಿಕೊಂಡು ಅದನ್ನು ನೇರ ಮಾಡಿದಳು. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗು ಅತ್ತಿತು. ದೇವೀರಕ್ಕ ಗೋಡೆಗೊರಗಿ ಮಗುವಿಗಿಂತ ಜೋರಾಗಿ ಅತ್ತಳು.

ಇಬ್ಬರೂ ಹೊಳೆ ದಾಟಿದ್ದನ್ನು ಅರಮನೆಯ ಉಪ್ಪರಿಗೆಯಿಂದ ಆಸ್ಥಾನ ನೋಡುತ್ತಿತ್ತು.

"ಪ್ರಭು," ಎಂದ ಸಲಹಾಶೇಖರ, "ನಮ್ಮ ಪ್ರಮಾಣಪತ್ರ ಪಡೆದ ಗ್ರಾಹಕಿ, ಪಡೆದು ಅರ್ಧ ಗಳಿಗೆಯೂ ಆಗಿಲ್ಲ, ಪ್ರವಾಹದ ಹೊಳೆ ದಾಟಿದ್ದಾಳೆ. ಫಲಿತಾಂಶ ನೂರಕ್ಕೆ ನೂರು."

"ಮುಂದೆ ಯಾರೋ ಎಳೆಯುತ್ತಿದ್ದಂತೆ ಕಂಡಿತಲ್ಲ?" ಎಂದರು ಮಹಾರಾಜರು.

"ತಮ್ಮ ಮುಂದೆಯೂ ಹದಿನಾರು ಜನ ಎಳೆಯುತ್ತಿದ್ದರು ಪ್ರಭು. ಈಜಿದ್ದು ಯಾರು?"

ಮಹಾರಾಜರಿಗೆ ಇದು ಒಪ್ಪಿಗೆಯಾಯಿತು. ಆಸ್ಥಾನ ಚಿತ್ರಕಾರ ಆ ಸಾಹಸದ ಚಿತ್ರ ಬರೆದ. ಅದರಲ್ಲಿ ಹೊಳೆಯಿತ್ತು, ಪ್ರಮಾಣಪತ್ರವನ್ನು ಎತ್ತಿ ಹಿಡಿದ ಚಿಕ್ಕತಾಯಮ್ಮ ಇದ್ದಳು, ಮೋಡದೊಳಗಿಂದ ಮಹಾರಾಜರು ಹರಸುತ್ತಿದ್ದರು. ದೇವೀರಕ್ಕನ ಜಾಗದಲ್ಲಿ ಒಂದು ಮೊಸಳೆ ಇತ್ತು. ಅದೇ ಉತ್ಸಾಹದಲ್ಲಿ ಹರಿಗೋಲನ್ನು ಒಡೆದು ಸೌದೆ ಮಾಡಲಾಯಿತು. ಆನೆಬಾವಿಗೆ ಮಣ್ಣು ತುಂಬಿ ಎರಡನೇ ಜಮಖಾನ ಹಾಸಲಾಯಿತು. ಪ್ರಮಾಣಪತ್ರವಿಲ್ಲದವರು ಹೊಳೆಗಿಳಿಯತಕ್ಕದ್ದಲ್ಲ ಎಂದು ಡಂಗುರ ಹೊಡೆಸಲಾಯಿತು.

ಮೂರು ತಿಂಗಳಲ್ಲಿ ರಾಜಧಾನಿಯ ಎಲ್ಲರಿಗೂ ಪ್ರಮಾಣಪತ್ರ ಬಂತು. ಹೊಳೆ ದಾಟಲು ಯಾರಿಗೂ ಬರಲಿಲ್ಲ. ಹೊಲಕ್ಕೆ, ಸಂತೆಗೆ ಹೋಗಬೇಕಾದವರು ಮೇಲ್ಗಡೆಯ ಬಂಡೆಸಾಲಿನವರೆಗೆ ಎರಡು ದಿನ ನಡೆದು, ಅಲ್ಲಿ ಕಲ್ಲಿಂದ ಕಲ್ಲಿಗೆ ಹಾರಿ, ಮತ್ತೆರಡು ದಿನ ನಡೆದು ಬರತೊಡಗಿದರು. ಇದನ್ನು ಕಂಡ ಸಲಹಾಶೇಖರ, ನಡೆಯುವುದು ಕಾರ್ಯಕ್ರಮದ ಹೆಸರಿಗೆ ಕುಂದು ಎಂದು ವರದಿ ಮಾಡಿದ. ಅಂದಿನಿಂದ ಆ ದಾರಿಯಲ್ಲಿ ಹೋಗುವವರು ಕೈಗಳನ್ನು ಈಜುವಂತೆ ಬೀಸುತ್ತಲೇ ನಡೆಯಬೇಕೆಂದು ಕಟ್ಟಳೆಯಾಯಿತು. ತಲೆಯ ಮೇಲೆ ರಾಗಿ ಮೂಟೆ ಹೊತ್ತವರಿಗೆ ಒಂದು ಕೈಯ ವಿನಾಯಿತಿ ಸಿಕ್ಕಿತು.

ಚಿಕ್ಕತಾಯಮ್ಮ ಬಂಡೆಸಾಲು ಬಳಸಿ ಮುಂಚೆಯೇ ಈಚೆ ದಡಕ್ಕೆ ಬಂದಿದ್ದಳು. ಮಗಳ ಬಾಣಂತನ ಮುಗಿಸಿ ಈಜಿಕೊಂಡು ಬಂದ ದೇವೀರಕ್ಕನನ್ನು ಭಟರು ದಡದಲ್ಲೇ ಹಿಡಿದರು. ಅಪರಾಧ, ಪ್ರಮಾಣಪತ್ರವಿಲ್ಲದೆ ಈಜಿದ್ದು. ಶಿಕ್ಷೆ, ಮೊದಲ ಹಂತದಿಂದ ಕೋಚಿಂಗ್. ಅವಳ ತರಬೇತುದಾರ ಶೇಷಪ್ಪಯ್ಯ. ಖಜಾನೆ ಬಿಟ್ಟು ಈಗ ಅವನು ಹಿರಿಯ ತರಣಾಚಾರ್ಯನಾಗಿದ್ದ.

"ದೇವೀರಕ್ಕ, ಮುಖ ಮೇಲೆತ್ತಿ. ಹಾಗೆ ಕಾಲು ಬಡಿದರೆ ಮುಂದೆ ಹೋಗಲ್ಲ."

"ಜಮಖಾನ ಎಳೆಸಿ ಸ್ವಾಮಿ, ಓಯ್ತೀನಿ," ಎನ್ನುತ್ತಿದ್ದಳು ದೇವೀರಕ್ಕ.

ಮೂರನೇ ವಾರದಲ್ಲಿ ಒಂದು ದಿನ ಆಚೆ ದಡದಿಂದ ತಮಟೆ ಕೇಳಿಸಿತು. ಗಾಣಿಗರ ಸೊಸೆಗೆ ನೋವು. ಬಂಡೆಸಾಲು ಬಳಸಿ ಹೋದರೆ ನಾಲ್ಕು ದಿನ. ದೇವೀರಕ್ಕ ಜಮಖಾನದ ನಡುವೆ ಮಲಗಿದ್ದವಳು ಸೀರೆ ಒದರಿಕೊಂಡು ಎದ್ದು ನಿಂತಳು.

"ಏಳಬೇಡಿ!" ಎಂದು ಶೇಷಪ್ಪಯ್ಯ ಕಿರುಚಿದ. "ನಡುನೀರಿನಲ್ಲಿದ್ದೀರಿ!"

ಸುತ್ತ ಮಲಗಿದ್ದ ಗ್ರಾಹಕರೆಲ್ಲ ಹಾಹಾಕಾರ ಮಾಡಿದರು. ಒಬ್ಬ ಹೆಂಗಸು ಕಣ್ಣು ಮುಚ್ಚಿಕೊಂಡಳು. ದೇವೀರಕ್ಕ ಸುಣ್ಣದ ಅಲೆಗಳನ್ನು ತುಳಿದುಕೊಂಡು ಹೊರಗೆ ಹೋದಳು. ಶೇಷಪ್ಪಯ್ಯ ಬೆವರೊರೆಸಿಕೊಂಡು ದಫ್ತರದಲ್ಲಿ ಬರೆದ: 'ಗ್ರಾಹಕಿ ದೇವೀರಕ್ಕ, ಆಚೆ ದಡಕ್ಕೆ ಐವತ್ತು ಮೊಳ ದೂರದಲ್ಲಿ, ಜಲಸಮಾಧಿ.'

ಅಂದಿನಿಂದ ದೇವೀರಕ್ಕ ಅಧಿಕೃತವಾಗಿ ಸತ್ತವಳು. ಅವಳ ಪಡಿ ನಿಂತಿತು, ಮನೆಗೆ ಮೊಹರು ಬಿತ್ತು. ಸತ್ತವರನ್ನು ಬಂಧಿಸಲು ಕಾನೂನಿನಲ್ಲಿ ಅವಕಾಶವಿಲ್ಲದ್ದರಿಂದ, ಅವಳು ಚಿಕ್ಕತಾಯಮ್ಮನಿಗೆ ಬೆಂಡು ಕಟ್ಟಿ ಹೊಳೆಗಿಳಿದಾಗ ಭಟರು ಬೇರೆ ಕಡೆ ನೋಡಿದರು. ಇಳಿಯಲು ಹಿಂದೆಮುಂದೆ ನೋಡುವ ವಯಸ್ಸು ಇಬ್ಬರಿಗೂ ಬಂದಿತ್ತು. ಆದರೆ ಇಳಿಯುವವರು ಬೇರೆ ಯಾರೂ ಇರಲಿಲ್ಲ.

ಆಸ್ಥಾನದಲ್ಲಿ ಮಾತ್ರ ಶೋಕ ಮಡುಗಟ್ಟಿತು. ಕಾರ್ಯಕ್ರಮದಲ್ಲಿ ಇದೇ ಮೊದಲ ಸಾವು. ಮಹಾರಾಜರು ಮೂರು ದಿನ ಗಲ್ಲದಿಂದ ಕೈ ತೆಗೆಯಲಿಲ್ಲ. ನಾಲ್ಕನೇ ದಿನ ಅಪ್ಪಣೆ ಹೊರಟಿತು: ಜಮಖಾನವು ಗ್ರಾಹಕರಿಗೆ ಅಪಾಯಕಾರಿಯಾಗಿ ಪರಿಣಮಿಸಿದ್ದರಿಂದ, ಅದನ್ನು ದಾಟಿಸಲು ತಕ್ಷಣ ಒಂದು ಹೊಸ ಹರಿಗೋಲು ನಿರ್ಮಿಸತಕ್ಕದ್ದು. ಅದಕ್ಕಾಗಿ ಮನೆಗೊಂದು ತೊಗಲು, ಮನೆಗೆರಡು ಬಿದಿರು ಒಪ್ಪಿಸತಕ್ಕದ್ದು. ದನ ಇಲ್ಲದವರು ದನ ಕೊಂಡು ತೊಗಲು ಕೊಡತಕ್ಕದ್ದು.

ಇಪ್ಪತ್ತು ಹರಿಗೋಲಿಗಾಗಬಹುದಾದಷ್ಟು ತೊಗಲು ಬಂತು. ಎಲ್ಲವನ್ನೂ ಒಂದಕ್ಕೇ ಪದರ ಪದರವಾಗಿ ಹೊಲಿದರು. ಒಂದು ಹನಿ ನೀರೂ ಒಳಗೆ ಬರದಂಥ ಹರಿಗೋಲು ಅದು. ಆಚೆ ದಡದಲ್ಲಿ ಮತ್ತೆ ತಮಟೆ ಬಡಿದ ದಿನವೇ ಅದರ ಉದ್ಘಾಟನೆ. ಮಹಾರಾಜರು 'ತರಣ ಚಕ್ರವರ್ತಿ' ಬಿರುದಿನ ಹೊಸ ಕಿರೀಟ ಧರಿಸಿ ಅದರಲ್ಲಿ ಕುಳಿತರು. ಹದಿನಾರು ಭಟರು ಅದನ್ನು ಜಮಖಾನದ ಮೇಲೆ ಎಳೆದರು. ತೊಗಲು ಕೊಟ್ಟ ಪ್ರಜೆಗಳು ಎರಡೂ ಬದಿಯಲ್ಲಿ ನಿಂತು ಜಯಘೋಷ ಮಾಡಿದರು.

ಆ ಜಯಘೋಷ ಹೊಳೆಯ ನಡುವಿನವರೆಗೂ ಕೇಳಿಸಿತು.

"ಏನೇ ದೇವೀರಿ ಅದು ಸದ್ದು?" ಎಂದಳು ಚಿಕ್ಕತಾಯಮ್ಮ, ತಲೆಯ ಮೇಲಿನ ಗಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು.

ದೇವೀರಕ್ಕ ಹಲ್ಲಿನಿಂದ ಹಗ್ಗ ಬಿಡಿಸಿ ಒಮ್ಮೆ ಉಸಿರೆಳೆದುಕೊಂಡಳು. "ಹರಿಗೋಲು ಬಿಡ್ತಾವ್ರಂತೆ. ನೀನು ಬಾಯಿ ಮುಚ್ಕೊಂಡು ಕಾಲು ಬಡಿ."